ಶಾಯಿ ಹಾಕಿದ ಬೆರಳು

ಓಟು ಹಾಕಿ ಚಂದ್ರಾ ಲೇಔಟಿಗೆ ನಡೆದು ಬರುವಾಗ ನಮ್ಮ ತಿರುವಿನ ದರ್ಶಿನಿಯಲ್ಲಿ ನಿಂತೆ. ಅಂದು ಬೆರಳಿನ ಶಾಯಿ ತೋರಿಸಿದವರಿಗೆಲ್ಲ ಕಾಫಿ ಪುಕ್ಕಟೆ.

"ದುಡ್ಡು ಒಳಗಿಡಿ ಆಂಟಿ, ಬೆರಳು ತೋರ್ಸಿ ಸಾಕು," ಅಂದರು ಮಾಲೀಕರು. "ಬೆಳಗ್ಗೆ ಒಬ್ಬ ಸ್ಕೆಚ್ ಪೆನ್ನಲ್ಲಿ ಬಳ್ಕೊಂಡು ಬಂದಿದ್ದ. ಅವನಿಗೂ ಕೊಟ್ಟೆ, ಸಕ್ಕರೆ ಇಲ್ದೆ."

ನಕ್ಕೆವು. ಆ ದಿನವೆಲ್ಲ ಸಿಕ್ಕವರಿಗೆ ಬೆರಳು ತೋರಿಸುತ್ತಲೇ ಇದ್ದೆ.

ನಮ್ಮ ಮಹಡಿಯಲ್ಲಿ ಬಾಡಿಗೆಗಿರುವವನು ಅಫ್ಘಾನಿಸ್ತಾನದಿಂದ ಓದಲು ಬಂದ ಹುಡುಗ. ದಿನಾ ಸಂಜೆ ಊರಿನಿಂದ ಅವನ ತಂದೆ ವಿಡಿಯೊ ಕರೆ ಮಾಡುತ್ತಿದ್ದರು. ಕರೆ ಬಂದರೆ ಅಪ್ಪ ಕ್ಷೇಮ ಎಂದು ಅರ್ಥ. ಬರದ ದಿನ ಅವನು ಊಟ ಮಾಡುತ್ತಿರಲಿಲ್ಲ. ಆ ಸಂಜೆ ಮೆಟ್ಟಿಲ ಮೇಲೆ ಕೂತು ಮಾತಾಡುತ್ತಿದ್ದವನು ಫೋನನ್ನು ನನ್ನ ಕಡೆ ತಿರುಗಿಸಿದ. ಬಿಳಿ ಗಡ್ಡದ ಮುಖ, ಎಂದಿನಂತೆ ಒಂದು ಕೈ ಶಾಲಿನೊಳಗೆ. ಅಲ್ಲಿ ಚಳಿ ಇರಬೇಕು ಎಂದುಕೊಂಡಿದ್ದೆ.

ನಮಸ್ಕಾರದ ಬದಲು ಬೆರಳೆತ್ತಿದೆ. "ಓಟು ಹಾಕ್ದೆ ಅಂತ ಹೇಳಪ್ಪ. ಈ ಶಾಯಿ ನಮ್ಮ ಮೈಸೂರಲ್ಲೇ ಮಾಡೋದು."

ಅವನು ಅದನ್ನು ಅಪ್ಪನಿಗೆ ಹೇಳಲಿಲ್ಲ. ಅವರು ನನ್ನ ಬೆರಳನ್ನು ನೋಡಿದರು, ಆಮೇಲೆ ತಿರುಗಿ ತಮ್ಮ ಹಿಂದಿನ ಬಾಗಿಲನ್ನು ನೋಡಿದರು. ಕರೆ ನಿಂತಿತು.

"ಅಪ್ಪಂಗೆ ಆ ಬೆರಳು ಇಲ್ಲ ಆಂಟಿ," ಅಂದ ಹುಡುಗ.

ಅವನು ಹೇಳಿದಷ್ಟನ್ನೇ ಬರೆಯುತ್ತೇನೆ. ಹೊರದೇಶದ ಸೈನ್ಯ ಬಂತು, ಪ್ರಜಾಪ್ರಭುತ್ವ ತಂದಿದ್ದೇವೆ ಎಂದಿತು. ಮೊದಲು ಬಾಂಬು ಬಿತ್ತು, ಮತಪೆಟ್ಟಿಗೆ ಆಮೇಲೆ ಬಂತು. ಅಪ್ಪ ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು ಹೋಗಿ ಓಟು ಹಾಕಿದರು. ವಾಪಸು ಬರುವಾಗ ಬಂದೂಕು ಹಿಡಿದವರು ಬಸ್ಸು ನಿಲ್ಲಿಸಿ ಎಲ್ಲರ ಕೈ ನೋಡಿದರು. ಕೆಲವು ವರ್ಷಗಳ ನಂತರ ಸೈನ್ಯ ವಿಮಾನ ಹತ್ತಿತು. ಬಸ್ಸು ನಿಲ್ಲಿಸಿದವರ ಕಡೆಯವರೇ ಈಗ ಅಲ್ಲಿ ಆಳುತ್ತಾರೆ. ಅಪ್ಪನ ಕೈ ಕಂಡರೆ ಅಂದು ಓಟು ಹಾಕಿದವರೆಂದು ಯಾರಿಗಾದರೂ ಗೊತ್ತಾಗುತ್ತದೆ.

ನಾನು ಓಟು ಹಾಕಿದ ಶಾಲೆಯ ಬಾಗಿಲಲ್ಲಿ ಒಬ್ಬ ಪೇದೆ ಬಾಳೆಹಣ್ಣು ತಿನ್ನುತ್ತಿದ್ದ. ಅದು ನೆನಪಾಯಿತು. ಯುದ್ಧ ಮಾಡಿ ಮತದಾನ ಕಲಿಸಲು ಹೋದವರು, ಹೊರಡುವಾಗ ಮತ ಹಾಕಿದವರನ್ನು ಅಲ್ಲೇ ಬಿಟ್ಟರು.

ಮರುದಿನ ಸಂಜೆ ಕರೆ ಬರಲಿಲ್ಲ. ಹುಡುಗ ಮೆಟ್ಟಿಲ ಮೇಲೆಯೇ ಕೂತಿದ್ದ. ನಮ್ಮ ಟೀವಿಯಲ್ಲಿ ಬೇರೊಂದು ದೇಶದ ಮೇಲೆ ವಿಮಾನಗಳು ಹಾರುತ್ತಿದ್ದವು. ಆ ಜನಕ್ಕೆ ಇನ್ನು ಸ್ವಾತಂತ್ರ್ಯ ಬಂದಂತೆ ಎಂದು ಯಾರೋ ಹೇಳುತ್ತಿದ್ದರು. ನಾನು ಸದ್ದು ಪೂರ್ತಿ ತಗ್ಗಿಸಿದೆ, ಅವನ ಫೋನ್ ಬಂದರೆ ಕೇಳಿಸಲಿ ಎಂದು.

ಅದರ ಮರುದಿನ ಬಂತು. ಧ್ವನಿ ಮಾತ್ರ, ಮುಖ ಇಲ್ಲ.

ಹುಡುಗ ಊಟ ಮಾಡಿದ.