ಕೂಸಿನ ಗುಡ್ಡೆಯ ಗರಿಕೆ

ಇದನ್ನ ಕಟ್ಟುಕತೆ ಅಂದುಕೊಳ್ಳೋರು ಅಂದುಕೊಳ್ಳಿ. ನನಗೆ ಕತೆ ಕಟ್ಟೋಕೆ ಬರಲ್ಲ. ಎರಡನೇ ಕ್ಲಾಸಿಗೆ ಶಾಲೆ ಬಿಟ್ಟೋಳು ನಾನು. ಕಂಡಿದ್ದನ್ನ ಕಂಡಂಗೆ ಬರೀತೀನಿ. ನಾನು ಮಾಡಿದ್ದನ್ನೂ ಮುಚ್ಚಿಡಲ್ಲ.

ಆಗ ಕೋಗಿಲು ಇನ್ನೂ ಹಳ್ಳಿ. ಯಲಹಂಕಕ್ಕೆ ನಡ್ಕೊಂಡೇ ಹೋಗ್ತಿದ್ವಿ. ಊರ ಮೇಲಿನ ದಿಣ್ಣೆ ಕಡಿದು ಯಾವುದೋ ಕಾರ್ಖಾನೆಗೆ ನೆಲ ಮಟ್ಟ ಮಾಡ್ತಿದ್ರು. ನಾನೂ ಅಲ್ಲೇ ಕೂಲಿ. ಕಡಿದ ಕೆಮ್ಮಣ್ಣನ್ನೆಲ್ಲಾ ದಿಣ್ಣೆ ಅಂಚಿಗೆ ಸುರಿದಿದ್ರು. ಕೆಳಗೇ ಕೆರೆ. ಹಿಂದಿನ ಮಳೇಲಿ ಆ ಮಣ್ಣು ಜಾರಿ ಕೆರೆಗೆ ಬಿದ್ದು ನೀರು ರಾಗಿ ಅಂಬಲಿಯಂಗೆ ಗಟ್ಟಿಯಾಗಿತ್ತು. ದನ ಸೈತ ಮೂತಿ ಇಡಲಿಲ್ಲ. ಊರಿನೋರು ದೊಣ್ಣೆ ಹಿಡ್ಕೊಂಡು ಬಂದಿದ್ರು.

"ಇನ್ನೊಂದ್ ಸಲ ಕೆರೆಗೆ ಮಣ್ಣು ಬಂತೋ, ನಿಮ್ ಕೆಲ್ಸಾನೂ ಇಲ್ಲ, ನೀವೂ ಇಲ್ಲ."

ಅದಕ್ಕೇ ಮೇಸ್ತ್ರಿ ಆ ಇಳಿಜಾರಿಗೆ ಹುಲ್ಲು ಮೆತ್ತಿಸೋಕೆ ಶುರು ಮಾಡಿದ. ಗರಿಕೆಯನ್ನ ಬೇರು ಮಣ್ಣಿನ ಸಮೇತ ಹೆಂಟೆ ಹೆಂಟೆಯಾಗಿ ಕಿತ್ತು ತರಬೇಕು. ಇಳಿಜಾರಿಗೆ ಇಟ್ಟು ಅಂಗೈಲಿ ತಟ್ಟಿ ತಟ್ಟಿ ಕೂರಿಸಬೇಕು. ಮೇಲೆ ಬಿದಿರು ಗೂಟ ಹೊಡೀಬೇಕು. ಬೇರು ಹಿಡಿದ್ರೆ ಮಣ್ಣು ಅಲ್ಲಾಡಲ್ಲ.

ನನ್ನ ಗಂಡ ಇನ್ನೊಬ್ಬಳನ್ನ ಕಟ್ಕೊಂಡು ನನ್ನ ಆಚೆ ಹಾಕಿದ್ದ. ಹೊಟ್ಟೇಲಿ ನಾಲ್ಕು ತಿಂಗಳು. ಮೇಸ್ತ್ರಿಗೆ ಅದು ಗೊತ್ತಿತ್ತು.

"ತಿಮ್ಮಕ್ಕ, ಈ ಮಳೇಗೆ ಇಳಿಜಾರು ನಿಂತ್ರೆ ಕಾವಲು ಶೆಡ್ಡು ನಿಂಗೇ. ಅಲ್ಲೇ ಬಾಣಂತನ ಮಾಡ್ಕೋ. ಜಾರ್ತಾ? ಅವತ್ತೇ ಗಂಟು ಕಟ್ಟು."

ಆ ತಗಡಿನ ಸೂರು ಬಿಟ್ರೆ ನನಗೆ ಬೇರೆ ಗತಿ ಇರಲಿಲ್ಲ.

ಎಲ್ಲಾ ಮೆತ್ತಿ ಆಯ್ತು. ನಡುವೆ ಒಂದು ಕಡೆ ಮಾತ್ರ ಉಳೀತು... ಮೇಲಿನ ನೀರೆಲ್ಲಾ ಬಂದು ಧುಮುಕೋ ಜಾಗ. ಅಲ್ಲಿಗೆ ದಟ್ಟ ಗರಿಕೆ ಬೇಕು. ಸುತ್ತಮುತ್ತಲಿಂದು ದನ ಮೇಯ್ದು ಬೋಳಾಗಿತ್ತು. ದಟ್ಟಗೆ ಇದ್ದಿದ್ದು ಒಂದೇ ಕಡೆ, ಹೊಂಗೆ ತೋಪಿನ ಮಗ್ಗುಲಲ್ಲಿ. ಸತ್ತ ಕೂಸುಗಳನ್ನ ಹೂಳೋ ಜಾಗ ಅದು. ಒಂದೊಂದು ಕೂಸಿಗೂ ಒಂದೊಂದು ಸಣ್ಣ ಗುಡ್ಡೆ. ಅಲ್ಲಿ ಯಾರೂ ದನ ಬಿಡ್ತಿರಲಿಲ್ಲ.

ಕೂಲಿ ಹೆಂಗಸರ ಜೊತೆ ನಾನು ಗುದ್ದಲಿ ತಗೊಂಡು ಹೋದೆ. ಎಲ್ಲಕ್ಕಿಂತ ದಟ್ಟಗಿದ್ದ ಗುಡ್ಡೆ ಮುಂದೆ ನಿಂತೆ.

ನಮ್ಮ ಜೊತೆ ಕೆಲಸ ಮಾಡೋ ಮುನಿಯಮ್ಮ ಹಿಂದೇನೇ ಓಡಿ ಬಂದ್ಲು. ಅವಳ ಐದು ತಿಂಗಳ ಗಂಡುಕೂಸು ಹೋದ ವರ್ಷ ಜ್ವರ ಬಂದು ಸತ್ತಿತ್ತು.

"ತಿಮ್ಮಕ್ಕಾ, ಅದೊಂದ್ ಬಿಟ್ಬುಡು. ನನ್ ಮಗಂದು ಅದು."

"ನಿನ್ ಮಗ ಉಲ್ಲು ಮೇಯ್ತಾನಾ?" ಅಂದೆ.

ಮಿಕ್ಕ ಹೆಂಗಸರು ನಕ್ರು. ನಾನೂ ನಕ್ಕೆ.

"ಅವನ್ ಮೈಮೇಲಿನ್ ಕಂಬ್ಳಿ ಕಣಕ್ಕ ಅದು! ರಾತ್ರಿ ಬಂದು ಕಿತ್ಕೊಂಡ್ ಓಗ್ತೀನಿ, ನೋಡ್ತಿರು."

ಅವಳ ಕಣ್ಣೆದುರಿಗೇ ಕಿತ್ತೆ. ಆ ಗುಡ್ಡೆ ಬರಿಗೆಂಪಾಯ್ತು. ಅದೊಂದರದ್ದೇ ಸಾಕಾಯ್ತು. ಹೆಂಟೆ ತಂದು ನೀರು ಧುಮುಕೋ ಜಾಗಕ್ಕೆ ಮೆತ್ತಿ, ತಟ್ಟಿ, ಗೂಟ ಹೊಡೆದೆ.

ಸಂಜೆಗೆ ನಂದಿ ಬೆಟ್ಟದ ಕಡೆ ಮೋಡ ಕಟ್ಟಿತು. ಅವತ್ತು ಶೆಡ್ಡಿನ ಕಾವಲು ನಂದೂ ಅವಳದೂ. ನನ್ನ ಕಣ್ಣು ಹತ್ತಿದ್ರೆ ಇವಳು ಹೋಗಿ ಕೀಳೋದು ಖಂಡಿತ. ತೆಂಗಿನ ನಾರಿನ ಹಗ್ಗ ತಗೊಂಡೆ. ಅವಳ ಎರಡೂ ಕೈ ಸೇರಿಸಿ ಶೆಡ್ಡಿನ ಕಂಬಕ್ಕೆ ಕಟ್ಟಿದೆ.

ಅವಳು ಕೊಸರಾಡಲಿಲ್ಲ. "ಬಿಗಿಯಾಗ್ ಕಟ್ಟು. ಆಮೇಕೆ ನಾನೇ ಬಿಚ್ಕೊಂಡ್ ಓದೆ ಅನ್ಬ್ಯಾಡ" ಅಂದ್ಲು.

ಮಳೆ ಬಂತು. ತಗಡಿನ ಮೇಲೆ ಕಲ್ಲು ಸುರಿದಂಗೆ. ಎರಡು ಗಂಟೆ ಹೊತ್ತು ಹುಯ್ದು ಸ್ವಲ್ಪ ಸಣ್ಣದಾಯ್ತು. ಆಗ ಕೇಳಿಸ್ತು...

ತಪ್... ತಪ್... ತಪ್...

ಅಂಗೈಲಿ ಹುಲ್ಲು ತಟ್ಟೋ ಸದ್ದು. ಕೆಳಗಿಂದ, ಇಳಿಜಾರಿನ ನಡುವಿಂದ.

ರಂಡೆ ಬಿಚ್ಕೊಂಡು ಹೋದ್ಲು ಅಂದುಕೊಂಡೆ. ಕತ್ತಲಲ್ಲಿ ಕಂಬ ತಡವಿದೆ. ಹಗ್ಗ ಬಿಗಿಯಾಗೇ ಇತ್ತು. ಅವಳ ಎರಡು ಕೈಯೂ ಇದ್ವು, ತಣ್ಣಗೆ.

"ಯಾರೇ ಅದು?" ಅಂದೆ.

"ಮೆಲ್ಲಗ್ ಮಾತಾಡು." ಅವಳು ಉಸಿರಲ್ಲೇ ಹೇಳಿದ್ಲು. "ತಟ್ಟದೇ ಇದ್ರೆ ಅದು ಮಲಗ್ತಿರ್ಲಿಲ್ಲ. ನನ್ ಕೈ ನೀನು ಕಟ್ಟಿದ್ದೀಯಲ್ಲಾ... ಅದ್ಕೇ ತಾನೇ ತಟ್ಕೊಂತಾ ಐತೆ."

ನಾನು ಕಪಾಳಕ್ಕೆ ಹೊಡೆದೆ. ಕೈ ಕಟ್ಟಿರೋಳಿಗೆ ಹೊಡೆದೆ. ಆಮೇಲೆ ಲಾಟೀನು ಹಚ್ಕೊಂಡು ಇಳಿದೆ.

ಆ ಕಡೆ ಈ ಕಡೆ ನಾವು ಮೆತ್ತಿದ್ದ ಹುಲ್ಲು ಗೂಟದ ಸಮೇತ ಜಾರಿ ಬರ್ತಿತ್ತು. ಆದ್ರೆ ನಡುವಿನ ಆ ತುಂಡು... ಮೇಲಿನ ನೀರೆಲ್ಲಾ ಅದರ ಮೇಲೇ ಬೀಳ್ತಿತ್ತು, ಅದು ಜಗ್ಗಿರಲಿಲ್ಲ. ಜಾರಿ ಬಂದ ಮಣ್ಣೆಲ್ಲಾ ಅದಕ್ಕೇ ಆತುಕೊಂಡು ನಿಂತಿತ್ತು. ಒಂದು ಹಿಡಿ ಕೂಡ ಕೆರೆಗೆ ಇಳಿದಿರಲಿಲ್ಲ.

ಹರಳೆಣ್ಣೆ ವಾಸನೆ ಬಂತು. ಜೊತೆಗೆ ಬಜೆ ತೇಯ್ದ ವಾಸನೆ. ಎಣ್ಣೆನೀರು ಹಾಕಿದ ಕೂಸಿನ ನೆತ್ತಿ ಮೂಸಿದ್ರೆ ಬರೋ ವಾಸನೆ ಅದು. ಆ ಮಳೇಲಿ, ಆ ಕೆಸರಲ್ಲಿ!

ತಪ್... ತಪ್...

ಲಾಟೀನು ಮೇಲೆತ್ತಿದೆ. ಅಲ್ಲಿ ಯಾರೂ ಇಲ್ಲ. ಹುಲ್ಲಿನ ಮೇಲೆ ಅಂಗೈ ಇಟ್ಟೆ. ಒಳಗಿಂದ ನನ್ನ ಕೈಗೆ ತಟ್ಟಿತು. ಒಂದೇ ಸಲ. ಆಮೇಲೆ ಎಲ್ಲಾ ಸುಮ್ಮನಾಯ್ತು.

ನನ್ನ ಹೊಟ್ಟೆಯೊಳಗಿನ ಕೂಸು ಮೊದಲನೇ ಸಲ ಮಿಸುಕಾಡಿದ್ದು ಆಗಲೇ.

ಬೆಳಗ್ಗೆ ನೋಡ್ತೀನಿ, ಆ ಹುಲ್ಲಿನ ತುಂಬಾ ಕೈ ಗುರುತು. ಒಂದೊಂದೂ ನನ್ನ ಅರ್ಧ ಅಂಗೈಯಷ್ಟೂ ಇಲ್ಲ. ಕೈ ಒತ್ತಿದ್ರೆ ಗುರುತು ಕುಳಿ ಬೀಳಬೇಕು ತಾನೇ? ಇವು ಕುಳಿ ಬಿದ್ದಿರಲಿಲ್ಲ. ಹೊರಕ್ಕೆ ಉಬ್ಬಿದ್ವು.

ಮೇಸ್ತ್ರಿ ಬಂದ. ಕೈ ಗುರುತು ಅವನ ಕಣ್ಣಿಗೆ ಬೀಳಲಿಲ್ಲ. ತಿಳಿಯಾಗಿದ್ದ ಕೆರೆ ಮಾತ್ರ ಕಂಡಿತು.

"ಭೇಷ್! ಈ ಗರಿಕೆ ಎಲ್ಲಿಂದ ತಂದೆ?"

ಹೇಳಿದೆ.

"ಅಲ್ಲಿರೋದೆಲ್ಲಾ ತಗೊಂಬಾ. ಜಾರಿರೋ ಕಡೆಗೆಲ್ಲಾ ಮೆತ್ತು. ಶೆಡ್ಡು ನಿಂದೇ ಹೋಗು."

ನಾನು ಇಲ್ಲ ಅನ್ನಬಹುದಿತ್ತು. ಅನ್ನಲಿಲ್ಲ.

ಮುನಿಯಮ್ಮನ ಹಗ್ಗ ಬಿಚ್ಚಿದೆ. ಮಣಿಕಟ್ಟಿನ ಚರ್ಮ ಕಿತ್ತು ಹೋಗಿತ್ತು. ಅವಳು ಮಂಕರಿ ಎತ್ಕೊಂಡು ನನ್ನ ಹಿಂದೇನೇ ತೋಪಿಗೆ ಬಂದ್ಲು. ನಾನು ಒಂದೊಂದೇ ಗುಡ್ಡೆ ಕೆರೀತಾ ಹೋದೆ. ಅವಳು ಹೆಂಟೆಗಳನ್ನ ಮಂಕರಿಗೆ ತುಂಬಿ ನನ್ನ ತಲೆ ಮೇಲೆ ಎತ್ತಿ ಮಡಗಿದ್ಲು.

"ಬ್ಯಾಡ ಅಂತಿದ್ದೆ, ಈಗೇನೇ?" ಅಂದೆ.

"ಕೂಸು ಒಂದೇ ಇದ್ರೆ ಎದರ್ಕೊಂತದೆ. ಎಲ್ಲಾ ಒಂದ್ಕಡೇ ಇರ್ಲಿ" ಅಂದ್ಲು.

ಅವತ್ತು ಸಂಜೆ ಅವಳು ಎತ್ತ ಹೋದ್ಲೋ, ಮತ್ತೆ ನಾನು ಕಾಣಲಿಲ್ಲ.

ಇಳಿಜಾರು ಆಮೇಲೆ ಯಾವ ಮಳೆಗೂ ಜಾರಲಿಲ್ಲ. ಮುಂದಿನ ಮಳೆಯ ರಾತ್ರಿ ಮತ್ತೆ ತಟ್ಟೋ ಸದ್ದು ಕೇಳಿಸ್ತು. ಒಂದು ಕೈಯಲ್ಲ. ಎಷ್ಟು ಅಂತ ನಾನು ಎಣಿಸೋಕೆ ಹೋಗಲಿಲ್ಲ, ಸೆರಗು ಕಿವಿಗೆ ತುರುಕ್ಕೊಂಡು ಮಲಗಿದೆ.

ಅದೇ ಶೆಡ್ಡಿನಲ್ಲಿ ಮಗಳು ಹುಟ್ಟಿದ್ಲು. ಅವಳನ್ನ ನಾನು ಒಂದು ದಿನವೂ ತಟ್ಟಿ ಮಲಗಿಸಿದೋಳಲ್ಲ. ಕೈ ಎತ್ತಿದ್ರೆ ಆ ರಾತ್ರಿ ಅಂಗೈಗೆ ತಾಕಿದ್ದು ನೆನಪಾಗೋದು. ಅವಳಿಗೆ ಅದು ಬೇಕಾಗಲೂ ಇಲ್ಲ. ಮಳೆ ಬಂದ್ರೆ ಸಾಕು, ಇಳಿಜಾರಿನ ಕಡೆ ಗೋಡೆಗೆ ಉರುಳಿ, ಬೆನ್ನು ಆನಿಸಿ ನಿದ್ದೆ ಹೋಗೋಳು.

ಈಗ ಅವಳಿಗೇ ಮೊಮ್ಮಕ್ಕಳು. ಆ ಶೆಡ್ಡೂ ಇಲ್ಲ, ಆ ಇಳಿಜಾರೂ ಇಲ್ಲ. ಆದ್ರೂ ಮಳೆ ರಾತ್ರಿ ಗೋಡೆಗೆ ಬೆನ್ನು ಕೊಟ್ಟೇ ಮಲಗ್ತಾಳೆ. ನಿದ್ದೇಲಿ ಅವಳ ಬೆನ್ನು ಸಣ್ಣಗೆ ಅದುರ್ತಾ ಇರ್ತದೆ... ಯಾರೋ ತಟ್ಟಿದಂಗೆ, ನಿಲ್ಲಿಸಿ ನಿಲ್ಲಿಸಿ, ಒಂದೇ ಲೆಕ್ಕದಲ್ಲಿ.

ನಾನು ಲೈಟ್ ಹಾಕಿ ನೋಡಲ್ಲ.