ರತ್ನಮ್ಮ ಕೈ ತೊಳೆಯುವಷ್ಟು

ಮೊದಲು ಕಂಡದ್ದು ಬೆರಳ ಸಂದಿಯ ಬಿರುಕು.

ಕಂಡವುಗಳಲ್ಲಿ ಅದು ಮೊದಲನೆಯದು, ಅಷ್ಟೇ. ನಮ್ಮದು ಹುತ್ತೂರಿನ ಹತ್ತಿರದ ಹಳ್ಳಿ. ಹಿಪ್ಪುನೇರಳೆ ತೋಟ, ತೋಟದ ಅಂಚಿನಲ್ಲಿ ರೇಷ್ಮೆ ಹುಳು ಸಾಕುವ ಮನೆ. ಮದುವೆಯಾಗಿ ಬಂದಾಗಿನಿಂದ ಹುಳುಮನೆ ನನ್ನ ಉಸ್ತುವಾರಿ. ಅದರ ಬಾಗಿಲಲ್ಲಿ ಬ್ಲೀಚಿಂಗ್ ಪೌಡರ್ ಕಲಸಿದ ನೀರಿನ ಬೇಸಿನ್ ಇರುತ್ತದೆ. ಕೈಕಾಲು ಅದ್ದದೆ ಒಳಗೆ ಹೋದರೆ ಹುಳುಗಳಿಗೆ ರೋಗ ತಗಲುತ್ತದೆ. ಹಾಗಾಗಿ ಕೋಲಾರದ ಚರ್ಮದ ಡಾಕ್ಟರು ನನ್ನ ಕೈ ನೋಡಿ, "ಏನು ಕೆಲಸಮ್ಮ?" ಎಂದು ಕೇಳಿ, ಉತ್ತರ ಕೇಳಿದ ಕೂಡಲೇ ಬರೆಯತೊಡಗಿದರು. ಮುಲಾಮು. ಗ್ಲೌಸ್.

ಗ್ಲೌಸ್ ಹಾಕಿಕೊಂಡೆ. ಆಮೇಲೆ ಗ್ಲೌಸನ್ನೂ ತೊಳೆಯತೊಡಗಿದೆ.

ಬೇರೆ ಮನೆಯಲ್ಲಾಗಿದ್ದರೆ ಯಾರಾದರೂ ಬೇಗ ಗುರುತಿಸುತ್ತಿದ್ದರೇನೋ. ನಮ್ಮಲ್ಲಿ ಅದಕ್ಕೆ ಒಳ್ಳೆಯ ಹೆಸರಿತ್ತು. ರೇಷ್ಮೆಗೂಡು ಚೆನ್ನಾಗಿ ಬಂದಾಗಲೆಲ್ಲ, "ಆಯಮ್ಮನ ಶುದ್ಧ ಅಂದ್ರೆ ಶುದ್ಧ" ಎಂದು ಊರಿನವರು ಹೇಳುತ್ತಿದ್ದರು. ಕಾಯಿಲೆ ನನ್ನ ಹೊಗಳಿಕೆಯನ್ನು ತಿಂದುಕೊಂಡು ಬೆಳೆಯಿತು.

ಯಾವಾಗ ಶುರುವಾಯಿತು? ಗಂಡ ಮುನಿರಾಜು ಹೇಳುವುದು, ಹಾಲುತೊಂಡೆ ರೋಗ ಬಂದು ಒಂದು ಬೆಳೆಯ ಹುಳು ಪೂರ್ತಿ ಹೋದ ಮೇಲೆ ಎಂದು. ಅತ್ತೆ ಹೇಳುವುದು, ಮನೆ ತುಂಬಿಸಿಕೊಂಡ ದಿನವೇ ಅವರು ಕೊಟ್ಟ ಲೋಟವನ್ನು ನಾನು ತಿರುಗಿಸಿ ನೋಡಿದ್ದೆ ಎಂದು. ನನಗೆ ನೆನಪಾಗುವುದು ಕಾಲೇಜಿನ ದಿನ, ಪರೀಕ್ಷೆಯ ಹಾಲ್ ಟಿಕೆಟ್ ಬ್ಯಾಗಿನಲ್ಲಿದೆಯೇ ಎಂದು ಬಸ್ಸಿನಲ್ಲಿ ಮತ್ತೆ ಮತ್ತೆ ತೆರೆದು ನೋಡಿದ್ದು. ಆದರೆ ಅದನ್ನು ಎಲ್ಲರೂ ಮಾಡುತ್ತಾರಲ್ಲ. ಕಾಯಿಲೆಗೆ ಹೆಸರು ಸಿಕ್ಕ ಮೇಲೆ ಹಳೆಯ ನೆನಪುಗಳೆಲ್ಲ ಆ ಹೆಸರಿನ ಹಿಂದೆ ಸಾಲಾಗಿ ನಿಲ್ಲಲು ಬರುತ್ತವೆ. ನಾನು ಅವನ್ನು ಪೂರ್ತಿ ನಂಬುವುದಿಲ್ಲ.

ಒಂದು ಮಧ್ಯಾಹ್ನ ಮಾತ್ರ ಖಚಿತವಾಗಿ ಗೊತ್ತು.

ಹುಳುಗಳು ಗೂಡು ಕಟ್ಟುವ ಮುಂಚಿನ ಕೊನೆಯ ಹಂತದಲ್ಲಿದ್ದವು. ಆಗ ಅವು ಸೊಪ್ಪು ತಿನ್ನುವ ಸದ್ದು ಹೊರಗಿನವರೆಗೂ ಕೇಳಿಸುತ್ತದೆ. ಹೊಸ ಸೀರೆಯನ್ನು ಯಾರೋ ನಿಲ್ಲಿಸದೆ ಮಡಿಸುತ್ತಿರುವಂತೆ. ನಾನು ನಲ್ಲಿಯ ಹತ್ತಿರ ಇದ್ದೆ. ಕೈ ತೊಳೆದೆ. ಹಿಂದಿರುಗುವಾಗ ಸೆರಗು ಗೋಡೆಗೆ ತಾಗಿತೇ ಎಂಬ ಅನುಮಾನ ಬಂತು. ಮತ್ತೆ ತೊಳೆದೆ. ನಲ್ಲಿ ನಿಲ್ಲಿಸಲು ಅದನ್ನು ಮುಟ್ಟಬೇಕು. ಮತ್ತೆ. ಒಳಗೆ ಸದ್ದು ಕಡಿಮೆಯಾಗುತ್ತ ಬಂದದ್ದು ಕೇಳಿಸುತ್ತಿತ್ತು. ಸೊಪ್ಪು ಮುಗಿಯುತ್ತಿದೆ, ಹೋಗಬೇಕು, ಗೊತ್ತು. ಕಾಲು ಏಳಲಿಲ್ಲ.

ಸದ್ದು ನಿಂತಿತು.

ತೋಟದಿಂದ ಮುನಿರಾಜು ಬಂದ. ನನ್ನನ್ನು ದಾಟಿಕೊಂಡು ಒಳಗೆ ಹೋಗಿ ತಾನೇ ಸೊಪ್ಪು ಹಾಕಿದ. ಹೊರಗೆ ಬಂದು ಕೋಪವಿಲ್ಲದೆ ಹೇಳಿದ:

"ಈ ಬೆಳೆ ಆಗ್ಲಿ ಕಣೇ. ಆಮೇಲೆ ಗಿಡ ಕೀಳಿಸಿ ಟೊಮ್ಯಾಟೊ ಹಾಕೋಣ. ಹುಳ ಸಾವಾಸ ಸಾಕು."

ಕೋಪ ಮಾಡಿಕೊಂಡಿದ್ದರೆ ವಾದಿಸಬಹುದಿತ್ತು. ಹುಳುಮನೆ ಇಲ್ಲದಿದ್ದರೆ ನಾನು ಯಾರು ಎಂಬ ಪ್ರಶ್ನೆ ಅವತ್ತಿನವರೆಗೆ ನನಗೆ ಬಂದೇ ಇರಲಿಲ್ಲ.

ಬಿರುಕಿನಲ್ಲಿ ಕೀವಾಗಿ ಅದೇ ಚರ್ಮದ ಡಾಕ್ಟರ ಹತ್ತಿರ ಮತ್ತೆ ಹೋದೆ. ಈ ಸಲ ಅವರು ಪೆನ್ನು ತೆಗೆಯುವ ಮೊದಲು ನನ್ನ ಗ್ಲೌಸನ್ನು ನೋಡಿದರು. ಅದು ಬೆಳ್ಳಗಾಗಿ ಅಲ್ಲಲ್ಲಿ ಹರಿದಿತ್ತು.

"ಇದನ್ನ ಎಷ್ಟು ಹೊತ್ತು ತೊಳೀತೀರ?"

ಜೊತೆಗೆ ಬಂದಿದ್ದ ಮುನಿರಾಜು ಹೇಳಿದ. ಡಾಕ್ಟರು ಮೇಲಿನ ಮಹಡಿಗೆ, ಸೈಕಿಯಾಟ್ರಿ ಓಪಿಡಿಗೆ ಚೀಟಿ ಬರೆದರು.

ಅತ್ತೆ ಮುಳಬಾಗಿಲಿನ ಆಚೆಯ ಗಡಿ ಊರಿನವರು. ಸಿಟ್ಟು ಬಂದರೆ ಅರ್ಧ ತೆಲುಗು. "ಕೈ ತೊಳ್ಕೊಂಡ್ರೆ ಪಿಚ್ಚಿನಾ? ಹಂಗಾದ್ರೆ ತೊಳೀದೇ ಇರೋರೆಲ್ಲ ಬುದ್ಧಿವಂತ್ರಾ?" ಹುಚ್ಚು ಎಂಬ ಮಾತನ್ನು ಅವರು ನನ್ನ ಪರವಾಗಿ ಆಡಿದ್ದು. ಆದರೂ ಚುಚ್ಚಿತು.

ಸೈಕಿಯಾಟ್ರಿ ಡಾಕ್ಟರು ನನಗಿಂತ ಚಿಕ್ಕ ವಯಸ್ಸಿನ ಹೆಂಗಸು. ಓಸಿಡಿ, ಅಂದರೆ ಗೀಳಿನ ಕಾಯಿಲೆ, ಎಂದರು. ಗುಣವಾಗುವುದಕ್ಕಿಂತ ಹಿಡಿತಕ್ಕೆ ಬರುವ ಕಾಯಿಲೆ ಎಂದುಕೊಳ್ಳಿ, ಸಕ್ಕರೆ ಕಾಯಿಲೆಯ ಹಾಗೆ, ಎಂದರು. ಟ್ಯಾಬ್ಲೆಟ್ ಇರುತ್ತದೆ, ಜೊತೆಗೆ ಎಕ್ಸ್‌ಪೋಷರ್: ಹೆದರಿಕೆಯಾದದ್ದನ್ನು ಮುಟ್ಟುವುದು, ತೊಳೆಯದೆ ಇರುವುದು.

"ನನ್ನ ಕೆಲಸಕ್ಕೆ ತೊಳೀಲೇಬೇಕಲ್ಲ ಮೇಡಂ. ಎಲ್ಲೀವರೆಗೂ ಕೆಲಸ, ಎಲ್ಲಿಂದ ಕಾಯಿಲೆ?"

ಅವರು ಪೆನ್ನು ಕೆಳಗಿಟ್ಟರು. ಅದು ನನಗೆ ಹಿಡಿಸಿತು.

"ನಿಮ್ಮೂರಲ್ಲಿ ಚೆನ್ನಾಗಿ ಹುಳ ಸಾಕೋರು ಇನ್ಯಾರಿದಾರೆ?"

"ರತ್ನಮ್ಮ. ಪಕ್ಕದ ತೋಟದೋರು."

"ಅವ್ರು ಹೆಂಗೆ ತೊಳೀತಾರೆ?"

ನಾನು ನೋಡಿರಲಿಲ್ಲ. ಇಷ್ಟು ವರ್ಷ ಪಕ್ಕದಲ್ಲೇ ಇದ್ದು.

ಹೋಗಿ ನೋಡಿದೆ, ಕದ್ದು ನೋಡುವವಳ ಹಾಗೆ. ರತ್ನಮ್ಮ ಬೇಸಿನ್‌ಗೆ ಕೈ ಅದ್ದಿ, ಒಂದು ಸಲ ಉಜ್ಜಿ, ಕೊಡವಿ, ಒಳಗೆ ಹೋದಳು. ಬಾಗಿಲನ್ನು ಮೊಣಕೈಯಲ್ಲಿ ತಳ್ಳಿದಳು. ಅಷ್ಟೇ. ನನಗೆ ಮೈ ಜುಮ್ಮೆಂದಿತು. ಹುಳುಗಳು ದಪ್ಪಗೆ, ಬೆಳ್ಳಗೆ, ತಮ್ಮ ಪಾಡಿಗೆ ತಿನ್ನುತ್ತಿದ್ದವು.

"ಏನೇ ಪದ್ಮಾ, ನನ್ನ ಕೈನೇ ನೋಡ್ತಿದೀಯ? ಬಳೆ ಕೊಡಿಸ್ತೀಯಾ?"

"ಅಳತೆ ತಗೊಳ್ತಿದೀನಿ ರತ್ನಕ್ಕ."

ಸುಳ್ಳಲ್ಲ. ಡಾಕ್ಟರ ಲೆಕ್ಕ ಅದೇ ಆಯಿತು: ರತ್ನಮ್ಮ ತೊಳೆಯುವಷ್ಟು, ಅದಕ್ಕಿಂತ ಹೆಚ್ಚಿಲ್ಲ. ಅದಾದ ಮೇಲೆ ಭಯ ಬಂದರೂ ಮತ್ತೆ ತೊಳೆಯದೆ, ಅದು ತಾನಾಗಿ ಇಳಿಯುವವರೆಗೆ ಕೆಲಸ ಮಾಡುತ್ತಲೇ ಇರಬೇಕು. ಭಯ ಇಳಿಯುತ್ತದೆ ಎಂಬುದೇ ನನಗೆ ಹೊಸ ಸುದ್ದಿ. ಯಾವತ್ತೂ ಅದನ್ನು ಅಷ್ಟು ದೂರ ಹೋಗಲು ಬಿಟ್ಟಿರಲಿಲ್ಲ. ಏರಿ, ಅಲ್ಲೇ ನಿಂತು, ನಾನು ಸೊಪ್ಪು ಹರಡುತ್ತಿರುವಾಗ ಯಾವಾಗಲೋ ಹೊರಟುಹೋಗುತ್ತಿತ್ತು. ಹೋದ ಕ್ಷಣವನ್ನು ಹಿಡಿಯಲು ಪ್ರಯತ್ನಿಸಿದೆ. ಸಿಕ್ಕಲಿಲ್ಲ.

ಮುನಿರಾಜುಗೂ ಒಂದು ಪಾಠವಿತ್ತು. "ಕೈ ಸರಿಯಿದೆಯಾ ನೋಡ್ರೀ" ಎಂದು ನಾನು ಕೇಳಿದಾಗ, "ಸರಿಯಿದೆ" ಎನ್ನುವಂತಿಲ್ಲ. ಆ ಮಾತು ಕಾಯಿಲೆಗೆ ಊಟ. "ಗೊತ್ತಿಲ್ಲ" ಎನ್ನಬೇಕು. ಮೊದಲ ದಿನ ಅವನು "ಗೊತ್ತಿಲ್ಲ ಕಣೇ" ಎಂದು ಹೇಳಿ ಮುಖ ತಿರುಗಿಸಿಕೊಂಡ. ನಾನು ಅವನನ್ನು ಬೈದೆ. ಅತ್ತೆ ಗುಟ್ಟಾಗಿ ಬಂದು, "ಸರಿಯಿದೆ ಬಿಡಮ್ಮಾ" ಎಂದು ಪಿಸುಗುಟ್ಟುತ್ತಿದ್ದರು. ಅದನ್ನೂ ನಿಲ್ಲಿಸಬೇಕಾಯಿತು. ಪಾಪ, ಅವರಿಗೆ ಅದು ನನಗೆ ಊಟ ತಪ್ಪಿಸಿದ ಹಾಗೆ.

ಟ್ಯಾಬ್ಲೆಟ್ಟಿನಿಂದ ಮೊದಮೊದಲು ಹೊಟ್ಟೆ ತೊಳಸಿತು. ಡೋಸ್ ಏರಿತು. ಚೆನ್ನಾಗಿದ್ದೇನೆಂದು ನಾನೇ ನಿಲ್ಲಿಸಿದೆ, ಕಾಯಿಲೆ ಮರಳಿತು, ಮತ್ತೆ ಶುರುಮಾಡಿದೆ. ಕ್ರಮವಾಗಿ ಮೇಲೆ ಹತ್ತಿದ ಹಾಗೆ ಬರೆದರೆ ಅದು ಸುಳ್ಳು.

ಟೊಮ್ಯಾಟೊ ಸಸಿಗೆ ಹೇಳಿಟ್ಟಿದ್ದ ಮುನಿರಾಜು, "ಇನ್ನೊಂದೇ ಬೆಳೆ ನೋಡೋಣ" ಎಂದ. ಆ ಬೆಳೆಯನ್ನು ನಾನು ರತ್ನಮ್ಮನ ಅಳತೆಯಲ್ಲಿ ಸಾಕಿದೆ. ಕೊನೆಯ ಹಂತದಲ್ಲಿ ಒಂದು ಬೆಳಿಗ್ಗೆ ಸೊಪ್ಪಿನ ಮೇಲೆ ಒಂದಷ್ಟು ಹುಳು ಊದಿಕೊಂಡು ಸತ್ತಿದ್ದವು.

ಹಾಲುತೊಂಡೆ.

ಯಾವ ಬೆಳೆಯಲ್ಲೂ ಸ್ವಲ್ಪ ಸಾಯುತ್ತವೆ. ಅದು ಗೊತ್ತು. ಆದರೂ ನನ್ನ ನೋಟವೆಲ್ಲ ಕೈಗಳ ಮೇಲೆ ಬಂದು ಕೂತಿತು. ಎಲ್ಲರೂ ಮಾಡುವ ಹಾಗೆ ಸತ್ತವನ್ನು ಕಡ್ಡಿಯಲ್ಲಿ ಎತ್ತಿ ಬ್ಲೀಚಿಂಗ್ ನೀರಿಗೆ ಹಾಕಿದೆ. ಬೇಸಿನ್‌ಗೆ ಕೈ ಅದ್ದಿದೆ. ಉಜ್ಜಿದೆ. ಕೊಡವಿದೆ. ನಲ್ಲಿ ಅಲ್ಲೇ, ಕೈಗೆಟಕುವಲ್ಲೇ ಇತ್ತು.

"ಇವು ನನ್ನ ಕೈಯಿಂದ ಸತ್ವೇನ್ರೀ?"

ಸೊಪ್ಪಿನ ಹೊರೆ ಹೊತ್ತು ನಿಂತಿದ್ದ ಮುನಿರಾಜುಗೆ ಇಲ್ಲ ಎನ್ನುವುದು ಬಹಳ ಸುಲಭವಿತ್ತು. ಅವನು ಹೊರೆಯನ್ನು ತಲೆಯ ಮೇಲೆ ಸರಿಮಾಡಿಕೊಂಡ.

"ಗೊತ್ತಿಲ್ಲ ಕಣೇ."

ನನಗೂ ಗೊತ್ತಿರಲಿಲ್ಲ. ಇವತ್ತಿಗೂ ಗೊತ್ತಿಲ್ಲ. ಹೊರೆಯನ್ನು ಅವನ ತಲೆಯಿಂದ ಇಳಿಸಿಕೊಂಡು ಒಳಗೆ ಹೋಗಿ, ಗೊತ್ತಿಲ್ಲದ ಆ ಕೈಗಳಿಂದಲೇ ಸೊಪ್ಪು ಹರಡಿದೆ. ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ. ಆಮೇಲೆ ಒಂದು ಮೂಲೆಯಿಂದ ತಿನ್ನುವ ಸದ್ದು ಶುರುವಾಯಿತು.