ಬಸುರಿ ಇಲಿಗಳಿಗೆ ಮನೆಯ ಸಾರು

ದೆಹಲಿಯ ಸಂಶೋಧನಾಲಯವೊಂದರಲ್ಲಿ ಇಲಿ ಸಾಕುವ ನೌಕರಿಯ ದಕ್ಷಿಣಾಮೂರ್ತಿಗಳಿಗೆ ಎರಡು ದೌರ್ಬಲ್ಯ. ಒಂದು, ದಾರಿ. ರಾಜೀವ್ ಚೌಕದ ಮೆಟ್ರೋ ನಿಲ್ದಾಣ ತೆರೆದು ಎರಡು ವರ್ಷವಾದರೂ ದಿನಕ್ಕೊಂದು ಬಾಗಿಲಿನಿಂದ ಹೊರಬಿದ್ದು, "ಭಯ್ಯಾ, ಮೈಂ ಕಹಾಂ ಹೂಂ?" ಎಂದು ತಾವೆಲ್ಲಿದ್ದೇವೆಂಬುದನ್ನೇ ದಾರಿಹೋಕರಿಗೆ ಕೇಳುತ್ತಿದ್ದರು. ಇನ್ನೊಂದು, ಬಸುರಿಯರು. ಫರೀದಾಬಾದಿನಲ್ಲಿದ್ದ ಮಗಳು ಅಪೂರ್ವಾ ಮದುವೆಯಾಗಿ ಎಂಟು ವರ್ಷಕ್ಕೆ ಬಸುರಾಗಿದ್ದಳು. ಆ ಮೊಮ್ಮಗು ನೆಟ್ಟಗೆ ಹುಟ್ಟಲಿ ಎಂಬುದೊಂದೇ ಅವರ ಜಪ. ಹೊಟ್ಟೆ ಹೊತ್ತ ಯಾವ ಪ್ರಾಣಿ ಕಂಡರೂ ಕರುಳು ಚುರ್ ಎನ್ನುತ್ತಿತ್ತು.

ದಾವಣಗೆರೆಯ ಧಾರಿಣಿ ಅಲ್ಲಿ ಪಿಎಚ್.ಡಿ. ಮಾಡುತ್ತಿದ್ದಳು. ಹತ್ತು ಬಸುರಿ ಇಲಿಗಳಿಗೆ ಸೀಸ ಬೆರೆಸಿದ ನೀರು, ಇನ್ನು ಹತ್ತಕ್ಕೆ ಬರೀ ನೀರು. ಹುಟ್ಟಿದ ಮರಿಗಳು ಬೆಳೆದ ಮೇಲೆ ಅಂಕುಡೊಂಕು ದಾರಿಯ ಪೆಟ್ಟಿಗೆಯಲ್ಲಿ ಬಿಟ್ಟು, ಯಾವುದು ದಾರಿ ತಪ್ಪುತ್ತದೆಂದು ನೋಡುವುದು.

"ತಾಯಿ ಹೊಟ್ಟೇಲಿರುವಾಗಲೇ ಸೀಸ ಸೇರಿದರೆ ಬುದ್ಧಿಗೆ ಪೆಟ್ಟು, ಅಂಕಲ್."

"ಶಿವಶಿವಾ! ಬಸುರಿಗೆ ವಿಷ ಇಡ್ತೀಯೇನಮ್ಮಾ?"

ಸೀಸದ ಹತ್ತರ ಗೂಡಿಗೆ ಅವಳು ಬೀಗ ಹಾಕಿದ್ದಳು. ಉಳಿದ ಹತ್ತಕ್ಕಾದರೂ ಬಯಕೆ ತೀರಲಿ ಎಂದು ದಕ್ಷಿಣಾಮೂರ್ತಿಗಳು ಕದ್ದು ದಿನವೂ ಮನೆಯ ಅನ್ನ-ಸಾರು ಉಣಿಸಿದರು. ಇಲಿಗೆಂಥ ಬಯಕೆ ಎಂದು ಕೇಳಬೇಡಿ, ಅವರನ್ನೇ ಕೇಳಿ. ಸಾರೂ ಅಂತಿಂಥದ್ದಲ್ಲ, ತಮ್ಮ ಅಮ್ಮನ ಕಾಲದ ಈಯದ, ಅಂದರೆ ತವರದ, ಚೊಂಬಿನಲ್ಲಿ ಹೆಂಡತಿ ಲೀಲಮ್ಮ ಕುದಿಸಿದ್ದು. ಇಲಿಗಳು ಮೀಸೆ ನೆಕ್ಕಿಕೊಂಡು ತಿಂದವು.

ಎರಡು ತಿಂಗಳಾದ ಮೇಲೆ ನೋಡಿದರೆ ಧಾರಿಣಿ ಅಳುತ್ತಾ ಕೂತಿದ್ದಾಳೆ. ಬರೀ ನೀರು ಕುಡಿದ ತಾಯಂದಿರ ಮರಿಗಳೂ ದಾರಿ ತಪ್ಪಿ ಗೋಡೆಗೆ ಮೂತಿ ಗುದ್ದಿಕೊಳ್ಳುತ್ತಿದ್ದವು. ರಕ್ತ ಪರೀಕ್ಷಿಸಿದರೆ ಅವುಗಳಲ್ಲೂ ಸೀಸ! ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಗಿತ್ತು. ದಕ್ಷಿಣಾಮೂರ್ತಿಗಳು ಬೆವರುತ್ತಾ ಸಾರಿನ ವಿಷಯ ಬಾಯಿಬಿಟ್ಟರು. ಅವಳು ಅವರ ಊಟದ ಡಬ್ಬಿಯ ಸಾರನ್ನೇ ಪರೀಕ್ಷಿಸಿದಳು.

"ಅಂಕಲ್, ನಿಮ್ಮ ಚೊಂಬಿನ ಈಯದಲ್ಲಿ ಸೀಸ ಬೆರೆತಿದೆ. ನನ್ನ ಪ್ರಯೋಗ ಬಿಡಿ, ಇನ್ನೊಮ್ಮೆ ಮಾಡ್ತೀನಿ. ಅಪೂರ್ವಾ ಇವತ್ತೇ ಬರ್ತಾಳೆ ಅಂದಿದ್ರಲ್ಲ?"

ದಕ್ಷಿಣಾಮೂರ್ತಿಗಳು ಮೆಟ್ರೋ ನಂಬದೆ ಆಟೋ ಹತ್ತಿದರು. ಮನೆಯಲ್ಲಿ ಅಪೂರ್ವಾ ಸಾರಿನ ಲೋಟವನ್ನು ಆಗಷ್ಟೇ ತುಟಿಯ ಹತ್ತಿರ ತಂದಿದ್ದಳು. ಹಾರಿಬಿದ್ದು ಕಿತ್ತುಕೊಂಡರು.

"ಕ್ಯಾ ಹುವಾ, ಪಪ್ಪಾ?"

"ಚೊಂಬಲ್ಲಿ ಸೀಸ ಇದೆಯಮ್ಮಾ! ಮಗುವಿನ ಬುದ್ಧಿಗೆ ಪೆಟ್ಟು!"

ಲೀಲಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದರು. "ನಿಮ್ಮಮ್ಮ ನಿಮ್ಮನ್ನ ಹೊತ್ತಾಗಲೂ ಇದರ ಸಾರೇ ಕುಡಿದದ್ದು. ನಿಮಗೇನಾಗಿದೆ?"

"ರಾಜೀವ್ ಚೌಕದಲ್ಲಿ ನನಗೆ ದಿನಾ ಏನಾಗುತ್ತೆ ಅಂತ ಗೊತ್ತಿಲ್ವೇನೇ?"

ಲೀಲಮ್ಮ ಗಂಡನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದರು. ಆಮೇಲೆ ಚೊಂಬಿನ ಸಾರನ್ನೆಲ್ಲ ಮೋರಿಗೆ ಸುರಿದರು.